"ಎಷ್ಟು ತಗಂಡೆ?"

"ಡಿಸೈನಿಗೆ ಹೆಂಗಸರದ್ದು, ಗಂಡಸರದ್ದು ಅಂತ ಇರ್ತದಾ? ನಿಮಗ್ಯಾಕೆ ಬೇರೆ ಗುಂಪು?" ಮೊನ್ನೆ ಮದುವೆಮನೆಯಲ್ಲಿ ಪರಿಚಯದ ಅಣ್ಣ ಒಬ್ಬರು ನಮ್ಮ ಡಿಸೈನರುಗಳ ಗುಂಪಿನ ಬಗ್ಗೆ ಕೇಳಿದರು. ಊಟದ ಪಂಕ್ತಿಯಲ್ಲಿ ಕುಳಿತು ಪೂರ್ತಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಶಿರಸಿಯಲ್ಲಿ ನಮ್ಮ ಮನೆಯ ಮೆತ್ತಿನ ಮೇಲೆ ಕುಳಿತು ಒಂಬತ್ತು ವರ್ಷದಿಂದ ಲೇಬಲ್, ಲಗ್ನಪತ್ರಿಕೆ, ಮುಖಪುಟ ಮಾಡುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಹಲಸಿನ ಚಿಪ್ಸ್ ಪ್ಯಾಕೆಟ್ಟಿನ ಡಿಸೈನಿಗೆ ನಾನು ತೆಗೆದುಕೊಂಡಿದ್ದು 500 ರೂಪಾಯಿ. ಅಡ್ವಾನ್ಸ್ ಕೇಳಿದರೆ "ತಂಗೀ, ಮನೇಲೇ ಇರ್ತೀಯಲ್ಲ, ಅದಕ್ಕೂ ಅಡ್ವಾನ್ಸಾ?" ಪೇಟೆಯಲ್ಲಿ ಅಂಗಡಿ ಇಟ್ಟ ಹುಡುಗನಿಗೆ ಅದೇ ಕೆಲಸಕ್ಕೆ 3000 ಸಿಗುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ. ದರದ ಮಾತು ನಡೆಯುವುದು ಪ್ರೆಸ್ಸಿನ ಎದುರಿನ ಚಾದಂಗಡಿಯಲ್ಲಿ. ನಾವು ಅಲ್ಲಿ ನಿಲ್ಲುವವರಲ್ಲ.

ಒಂದು ರಾತ್ರಿ ಫೋಟೋಶಾಪಿನಲ್ಲಿ 'ಕಲ್ಯಾಣೋತ್ಸವ'ದ ಒತ್ತುಗಳೆಲ್ಲ ಕಳಚಿ ಬಿದ್ದವು, ಪತ್ರಿಕೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕು. ಕುಮಟಾದ ಅಕ್ಕ ಒಬ್ಬರು ಫೋನಿನಲ್ಲೇ ಪ್ರಿಫರೆನ್ಸಸ್ ತೆರೆಸಿ, ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಸಿದರು. ಅಕ್ಷರ ಕೂಡಿಕೊಂಡವು. ಆಮೇಲೆ ಕೇಳಿದರು: "ಇದಕ್ಕೆ ಎಷ್ಟು ತಗಂಡೆ?" ನಾನು ಹೇಳಿದ ಮೊತ್ತ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಗುಂಪು ಶುರುವಾದದ್ದು ಹಾಗೆ. ಈಗ ಆರು ಜನ. ಅರ್ಧ ಅಡ್ವಾನ್ಸ್, ಮೂರೇ ತಿದ್ದುಪಡಿ, ಪೂರ್ತಿ ಹಣ ಬಂದ ಮೇಲೆ ಓಪನ್ ಫೈಲ್ (ತಿದ್ದಲು ಬರುವ ಮೂಲ ಫೈಲ್): ಆರೂ ಜನರದ್ದು ಇದೇ ಮಾತು. ಹೊನ್ನಾವರದವಳು ಬಾಣಂತನಕ್ಕೆ ಹೋದಾಗ ಅವಳ ಮದುವೆ ಸೀಸನ್ನಿನ ಪತ್ರಿಕೆಗಳನ್ನು ಉಳಿದವರು ಹಂಚಿಕೊಂಡು ಮಾಡಿದೆವು, ಗಿರಾಕಿಗಳು ಅವಳವರಾಗಿಯೇ ಉಳಿದರು. ಗದ್ದೆ ನೆಟ್ಟಿಗೆ ನಮ್ಮ ಅಜ್ಜಿಯಂದಿರು ಮುಯ್ಯಾಳು ಹೋಗುತ್ತಿದ್ದರಲ್ಲ, ಇದೂ ಅದೇ.

ಅಮೆರಿಕದ ಡಿಸೈನರ್ ಜೆಸಿಕಾ ವಾಲ್ಶ್ 2015ರಲ್ಲಿ ನ್ಯೂಯಾರ್ಕಿನಲ್ಲಿ 'ಲೇಡೀಸ್, ವೈನ್ ಆ್ಯಂಡ್ ಡಿಸೈನ್' ಎಂಬ ಕೂಟ ಶುರು ಮಾಡಿದ್ದೂ ಸಣ್ಣ ಗುಂಪುಗಳಲ್ಲಿ ಕುಳಿತು ಮಾತಾಡಲಿಕ್ಕೇ. ಅದೀಗ ಎಷ್ಟೋ ದೇಶಗಳ ಊರುಗಳಲ್ಲಿದೆ. ನಮ್ಮೂರಿಗೆ ಬರಲಿ ಎಂದು ಕಾಯುವುದು ಬೇಡ ಅನಿಸಿತು.

ಆರನೆಯವರು ಕಾರವಾರದವರು. ತಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುತ್ತಾರೆ. ಲಿಂಗದ ಗುರುತನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿತ್ತು. ಆದರೆ ಗಿರಾಕಿ ಕೆಲಸ ನೋಡುವ ಮೊದಲು ಕೇಳುವುದು "ಸರ್ರಾ, ಮೇಡಮ್ಮಾ?" ಎಂದು. ನಾವೂ ತಪ್ಪು ಮಾಡಿದೆವು. ಗುಂಪಿಗೆ 'ಅಕ್ಕ-ತಂಗಿ' ಎಂದು ಹೆಸರಿಟ್ಟಿದ್ದೆವು. "ಇದರೊಳಗೆ ನಾನು ಎಲ್ಲಿ?" ಎಂದು ಕೇಳಿದಾಗಲೇ ಹೊಳೆದಿದ್ದು. ಹೆಸರು ತೆಗೆದೆವು. ಬಂದ, ಬಂದಳು ಎನ್ನುವಲ್ಲಿ ನಾಲಿಗೆ ಎಡವುತ್ತಿತ್ತು. ಬಂದರು ಎಂದರೆ ಹತ್ತಿರದವರನ್ನು ದೂರ ಇಟ್ಟಂತೆ. ಅವರೇ ದಾರಿ ಹೇಳಿದರು: "ಎದುರಿಗೆ ನೀನು ಅನ್ನಿ, ಹಿಂದೆ ಅವರು ಅನ್ನಿ." ನಮ್ಮ 'ನೀನು'ವಿಗೆ ಲಿಂಗವಿಲ್ಲ. ಇಷ್ಟು ವರ್ಷ ಕನ್ನಡ ಅಕ್ಷರಗಳ ಜೊತೆಗೇ ಬದುಕಿದ ನಾನು ಅದನ್ನು ಗಮನಿಸಿರಲಿಲ್ಲ.

ತಿಂಗಳ ಎರಡನೇ ಭಾನುವಾರ ಕುಮಟಾದಲ್ಲಿ ಸೇರುತ್ತೇವೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ ದೇವಿಮನೆ ಘಾಟಿ ಇಳಿಯಲು ನಾನು ಮನೆಯಲ್ಲಿ ದುಡ್ಡು ಕೇಳಬೇಕಾಗಿಲ್ಲ. ಜೋಯಿಡಾ, ಹಳಿಯಾಳ, ಭಟ್ಕಳದ ಕಡೆ ಒಬ್ಬರೇ ಕುಳಿತು ಈ ಕೆಲಸ ಮಾಡುವವರಿದ್ದರೆ ಮೆಸೇಜ್ ಮಾಡಿ. ಮಗುವನ್ನು ಕಟ್ಟಿಕೊಂಡು ಬಂದರೂ ಅಡ್ಡಿಯಿಲ್ಲ.