ಗೆಳತಿಯರ ನಾಟಕದಲ್ಲಿ ಅಪ್ಪುಗೆ ಕಡಿಮೆ ಇರಲಿ

ಹೆಣ್ಣುಮಕ್ಕಳ ಸ್ನೇಹದ ಬಗ್ಗೆ ಹವ್ಯಾಸಿ ತಂಡಗಳು ಕಟ್ಟುವ ನಾಟಕಗಳಲ್ಲಿ ಮೊದಲ ದೃಶ್ಯಕ್ಕೇ ಎಲ್ಲರೂ ಓಡಿಬಂದು ತಬ್ಬಿಕೊಳ್ಳುತ್ತಾರೆ. "ನಮ್ಮದು ಇಪ್ಪತ್ತು ವರ್ಷದ ಸ್ನೇಹ ಕಣೇ" ಅಂತ ಒಬ್ಬಳು ಹೇಳಿಯೂಬಿಡುತ್ತಾಳೆ. ಇನ್ನು ಪ್ರೇಕ್ಷಕರು ತಾವಾಗಿ ಕಂಡುಕೊಳ್ಳುವುದಕ್ಕೆ ಏನುಳಿಯಿತು? ರಂಗದ ಮೇಲೆ ಸ್ನೇಹ ಕಾಣುವುದು ಕೈಕೆಲಸದಲ್ಲಿ ಮತ್ತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ರೀತಿಯಲ್ಲಿ.

ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಪೆನ್ಸಿಲ್ ಹಿಡಿದು, ಗಂಡ ಅಥವಾ ಪ್ರೇಮಿಯ ಬಗ್ಗೆ ಬರುವ ಮಾತುಗಳಿಗೆಲ್ಲ ಗೆರೆ ಎಳೆಯಿರಿ. ಪುಟದ ತುಂಬ ಗೆರೆಯೇ ಆದರೆ ಅದು ರಂಗಕ್ಕೆ ಬಾರದ ಗಂಡಸಿನ ನಾಟಕ. ಇಬ್ಬರು ಹೆಣ್ಣುಮಕ್ಕಳು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ ಎಂಬ ಪರೀಕ್ಷೆಯನ್ನು ಅಮೆರಿಕದ ಕಾಮಿಕ್ ಕಲಾವಿದೆ ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಕಾಮಿಕ್‌ನಲ್ಲಿ ಬರೆದಾಗ ಸಿನಿಮಾವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಾಟಕಕ್ಕೂ ಅದು ಸಲ್ಲುತ್ತದೆ. (ಆ ಯೋಚನೆ ತನ್ನ ಗೆಳತಿಯದು ಎಂದು ಬೆಕ್ಡೆಲ್ ಅವರೇ ಹೇಳಿದ್ದಾರೆ.)

ಆಮೇಲೆ ಜೋಡಿಗಳ ಲೆಕ್ಕ. ನಾಲ್ಕು ಪಾತ್ರ ಇದ್ದರೆ 6 ಜೋಡಿ, ಐದಾದರೆ 10. ಗುಂಪಿನ ಸ್ನೇಹ ಅಂತ ಒಂದೇ ಬಣ್ಣ ಬಳಿದರೆ ನಾಲ್ವರೂ ಒಂದೇ ತರಹ ಕಾಣುತ್ತಾರೆ. ಪ್ರತಿ ಜೋಡಿಗೂ ಬೇರೆ ಇತಿಹಾಸ ಬೇಕು: ಯಾರು ಯಾರಿಗೆ ಋಣಿ, ಯಾವ ಗುಟ್ಟು ಇಬ್ಬರಿಗಷ್ಟೇ ಗೊತ್ತು, ಯಾವ ಜಗಳ ಅರ್ಧಕ್ಕೇ ನಿಂತಿದೆ. ಮೊದಲ ಎರಡು ವಾರದೊಳಗೆ ಪ್ರತಿ ಜೋಡಿಗೂ ಅರ್ಧ ಗಂಟೆ ಸ್ಕ್ರಿಪ್ಟ್ ಇಲ್ಲದೆ ಇಂಪ್ರೊವೈಸ್ ಮಾಡಿಸಿ. ಹೆಚ್ಚಿನ ತಂಡಗಳು ಸಮಯ ಸಾಲದೆಂದು ಇದನ್ನೇ ಬಿಡುತ್ತವೆ. ಆಮೇಲೆ ಮಧ್ಯದ ದೃಶ್ಯ ಯಾಕೆ ಸಪ್ಪೆ ಅಂತ ತಲೆ ಕೆಡಿಸಿಕೊಳ್ಳುತ್ತವೆ.

ಬ್ಲಾಕಿಂಗ್‌ನಲ್ಲಿ, ಅಂದರೆ ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಎಂಬುದರಲ್ಲಿ, ದೊಡ್ಡ ಶತ್ರು ಅರ್ಧಚಂದ್ರಾಕಾರ. ಎಲ್ಲರೂ ಪ್ರೇಕ್ಷಕರ ಕಡೆ ತಿರುಗಿ ಸರದಿಯಂತೆ ಮಾತಾಡಿದರೆ ಅದು ಸಭೆ. ಒಬ್ಬಳು ನೆಲದ ಮೇಲೆ, ಒಬ್ಬಳು ಸ್ಟೂಲ್ ಮೇಲೆ, ಇಬ್ಬರು ಹಾಸಿಗೆಯ ಬಟ್ಟೆ ಮಡಚುತ್ತಿರಲಿ. ಮಡಚುವುದಕ್ಕೆ ಇಬ್ಬರು ಬೇಕೇ ಬೇಕು, ಪ್ರತಿ ಮಡಿಕೆಗೂ ಹತ್ತಿರ ಬರಲೇಬೇಕು. ಮುನಿಸಿನ ಮಾತನ್ನು ಆ ಮಡಿಕೆಗೆ ಸರಿಯಾಗಿ ಕೂರಿಸಿದರೆ ಬೇರೆ ಅಭಿನಯವೇ ಬೇಡ. ಆದರೆ ಬಟ್ಟೆ ತಾಲೀಮಿನ ಮೊದಲ ವಾರದಿಂದಲೇ ಕೈಯಲ್ಲಿರಬೇಕು. ಕೊನೆಗೆ ಕೊಟ್ಟರೆ ಕೈ ನೋಡುತ್ತಾ ಮಾತು ಮರೆಯುತ್ತಾರೆ.

ಗೆಳತಿಯರು ಒಬ್ಬರ ಮಾತು ಮುಗಿಯುವವರೆಗೂ ಕಾಯುವುದಿಲ್ಲ. ಮುಂದಿನವಳು ಎಲ್ಲಿ ಬಾಯಿ ಹಾಕಬೇಕೋ ಆ ಪದದ ಪಕ್ಕ ಓರೆಗೆರೆ ಹಾಕಿ. ಕತೆಗೆ ಬೇಕಾದ ಮಾಹಿತಿ ಇರುವ ಸಾಲಿನ ಮೇಲೆ ಮಾತ್ರ ಯಾರೂ ಮಾತಾಡಕೂಡದು. ಅದು ಮುಚ್ಚಿಹೋದರೆ ಪ್ರೇಕ್ಷಕರಿಗೆ ಮುಂದಿನ ದೃಶ್ಯ ಅರ್ಥವಾಗುವುದಿಲ್ಲ.

ನಗುವಿಗೂ ತಾಲೀಮು ಬೇಕು. ಸುಳ್ಳು ನಗು ಗಂಟಲಿನಿಂದ ಬರುತ್ತದೆ, ನಾಲ್ವರದೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುತ್ತದೆ. ಉಸಿರು ಪೂರ್ತಿ ಹೊರಹಾಕಿ ನಗು ಶುರುಮಾಡಿಸಿ. ಒಬ್ಬಳು ಮೊದಲು, ಉಳಿದವರು ಹಿಂದೆ, ಒಬ್ಬಳು ನಗದೇ ಇರಲಿ. ನಗು ಇಳಿಯತೊಡಗಿದಾಗ ಮುಂದಿನ ಮಾತು ಬರಬೇಕು, ಪೂರ್ತಿ ನಿಂತ ಮೇಲಲ್ಲ.

ಬೆಳಕು ಸರಳವಾಗಿದ್ದರೆ ಸಾಕು, ಆದರೆ ಕೇಳಿಸಿಕೊಳ್ಳುವವಳ ಮುಖ ಕತ್ತಲಲ್ಲಿರಬಾರದು. ಭಾವುಕ ಮಾತು ಬಂತೆಂದು ಮಾತಾಡುವವಳೊಬ್ಬಳ ಮೇಲೆ ಸ್ಪಾಟ್ ಹಾಕಿ ಉಳಿದದ್ದನ್ನು ಆರಿಸಬೇಡಿ. ಆ ಹೊತ್ತಿಗೆ ಪ್ರೇಕ್ಷಕರು ನೋಡಬೇಕಾದದ್ದು ಪಕ್ಕದಲ್ಲಿ ಕೂತವಳನ್ನು.