ಹೆಮ್ಮೆಯ ಪಟ್ಟಿಗೆ ಸೇರದ ಕಟ್ಟಡಗಳ ಗತಿ

ಯಾವ ಸ್ಮಾರಕ ಉಳಿಯಬೇಕೆಂಬುದನ್ನು ಕಲ್ಲಿನ ಗುಣಕ್ಕಿಂತ ರಾಷ್ಟ್ರದ ಕಥನವೇ ತೀರ್ಮಾನಿಸುತ್ತದೆ ಎಂದು ಇತ್ತೀಚೆಗೆ ಓದಿದ ಲೇಖನವೊಂದು ಮುಂದಿಟ್ಟ ವಾದವನ್ನು ಗದಗಿನವನಾದ ನಾನು ಬಹುಮಟ್ಟಿಗೆ ಒಪ್ಪುತ್ತೇನೆ. 1905ರಲ್ಲಿ ಹಂಪಿಯನ್ನು ಕಂಡು ಮನಕರಗಿದ ಆಲೂರು ವೆಂಕಟರಾಯರು ಧಾರವಾಡದಿಂದ ಏಕೀಕರಣದ ಕನಸನ್ನು ನಾಡಿಗೆಲ್ಲ ಹಬ್ಬಿಸಿದರು. ಅಂದಿನಿಂದ ಹಂಪಿ ಕನ್ನಡಿಗರ ಗುರುತಿನ ಭಾಗವೇ ಆಗಿದೆ. ಆದರೆ ನಮ್ಮ ಪಕ್ಕದ ಲಕ್ಕುಂಡಿಗೆ ಆ ಮಟ್ಟದ ಗಮನ ಇನ್ನೂ ದಕ್ಕಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿರುವ ಮುಸುಕಿನ ಬಾವಿಯ ಮೆಟ್ಟಿಲು ಇಳಿಯುತ್ತ ಹೋದರೆ ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳಂಥ ಗೂಡುಗಳು ಕಾಣುತ್ತವೆ, ಮತ್ತು ಕೆಲಸಗಾರರ ತಾಳ್ಮೆ ಎಂಥದಿತ್ತೆಂದು ಅಲ್ಲಿ ನಿಂತೇ ತಿಳಿಯಬೇಕು.

ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಈ ನಿಯಮ ಬೇಕೇ ಬೇಕು. ಆದರೆ ಹೆಮ್ಮೆ ಇಡೀ ನಾಡಿಗೆ, ಹೊರೆ ಮಾತ್ರ ಗುಡಿಯ ನೆರೆಮನೆಯವರಿಗೆ ಎಂಬಂತಾದರೆ ಊರವರಲ್ಲಿ ಪ್ರೀತಿ ಹುಟ್ಟುವುದು ಕಷ್ಟ.

ಇದಕ್ಕೆ ವ್ಯತಿರಿಕ್ತವಾಗಿ, ಬ್ರಿಟಿಷರ ಕಾಲದ ಸದರ್ನ್ ಮರಾಠಾ ರೈಲ್ವೆಯ ಕಚೇರಿಗೆಂದು ಕಟ್ಟಿದ ಧಾರವಾಡದ ಕಟ್ಟಡ ಇಂದು ಕರ್ನಾಟಕ ಕಾಲೇಜಾಗಿದೆ. ಅದನ್ನು ಪರಕೀಯರದೆಂದು ಯಾರೂ ದೂರವಿಟ್ಟಿಲ್ಲ, ಏಕೆಂದರೆ ತಲೆಮಾರುಗಳಿಂದ ನಮ್ಮ ಮಕ್ಕಳು ಅಲ್ಲಿಯೇ ಓದಿದ್ದಾರೆ. ಲಕ್ಕುಂಡಿಯ ವಿಷಯದಲ್ಲಿಯೂ ಸರಕಾರವು ಉತ್ಸವಕ್ಕೆ ತೋರುವ ಉತ್ಸಾಹವನ್ನು ಊರವರಿಗೆ ಪರ್ಯಾಯ ನಿವೇಶನ ಒದಗಿಸುವಲ್ಲಿ ತೋರಲಿ ಎಂದು ಕಳಕಳಿಯಿಂದ ಕೇಳುತ್ತೇನೆ.