ಸತ್ಯಾಂಶ: ಪಿಲಾಟಿಸ್‌ಗೆ ಯಂತ್ರ ಇರಲೇಬೇಕಾ?

‘ರಿಫಾರ್ಮರ್ ಯಂತ್ರ ಇಲ್ಲದೆ, ದಿನಕ್ಕೆ ಒಂದು ಗಂಟೆ ಕೊಡದೆ ಪಿಲಾಟಿಸ್ ಮಾಡಿದರೆ ಸುಮ್ನೆ ದಂಡ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಪಿಲಾಟಿಸ್ ಎಂದರೆ ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಗಟ್ಟಿಮಾಡುವ ಒಂದು ವ್ಯಾಯಾಮ ಪದ್ಧತಿ; ರಿಫಾರ್ಮರ್ ಎಂದರೆ ಅದಕ್ಕೆ ಬಳಸುವ, ಸ್ಪ್ರಿಂಗ್‌ಗಳಿಗೆ ಜೋಡಿಸಿದ ಜಾರುವ ಹಲಗೆಯ ಯಂತ್ರ.

ಈ ಪದ್ಧತಿ ರೂಪಿಸಿದ ಜೋಸೆಫ್ ಪಿಲಾಟಿಸ್ ಅವರೇ 1945ರ ತಮ್ಮ ಪುಸ್ತಕದಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಾಡುವ 34 ವ್ಯಾಯಾಮಗಳನ್ನು ವಿವರಿಸಿದ್ದಾರೆ. ಮೊದಲನೆಯದು ‘ಹಂಡ್ರೆಡ್’. ಅಂಗಾತ ಮಲಗಿ, ತಲೆ ಮತ್ತು ಕಾಲು ಎತ್ತಿ, ಕೈ ಮೇಲೆ ಕೆಳಗೆ ಆಡಿಸುತ್ತಾ 5 ಎಣಿಸುವವರೆಗೆ ಉಸಿರು ಒಳಗೆ, 5 ಎಣಿಸುವವರೆಗೆ ಹೊರಗೆ. ಹತ್ತು ಸಲ ಮಾಡಿದರೆ ನೂರಾಯಿತು. ಒಂದೆರಡು ನಿಮಿಷದ ಕೆಲಸ, ಆದರೆ ಹೊಟ್ಟೆ ನಡುಗಿಬಿಡುತ್ತದೆ!

ಹಾಗಂತ ಯಂತ್ರ ದಂಡವಲ್ಲ. ಅದರ ಸ್ಪ್ರಿಂಗ್‌ಗಳು ಕೆಲವು ಚಲನೆಗಳಿಗೆ ಆಸರೆ ಕೊಡುತ್ತವೆ. ದುಡ್ಡು ಜಾಸ್ತಿ ಇಲ್ಲದಿದ್ದರೆ ಒಂದೆರಡು ತರಗತಿಯಲ್ಲಿ ಭಂಗಿ ತಿದ್ದಿಸಿಕೊಂಡು, ಆಮೇಲೆ ಮನೆಯಲ್ಲೇ 10-15 ನಿಮಿಷ ಮಾಡಬಹುದು. ಕುತ್ತಿಗೆ, ಬೆನ್ನು ನೋವಿದ್ದವರು ಮತ್ತು ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳಿಯೇ ಶುರುಮಾಡಿ.